ಬೀಸುಕಲ್ಲಿನ ಎಪಿಸೋಡು

ಬೇರೆಯವರ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೆಲದ ಮೇಲೆ ಮೊಣಕಾಲು ಮಡಚಿ ಕೂತು ಟಿ.ವಿ. ನೋಡಿ ಬೆಳೆದವರಿಗೆ ಆ ದಿನಗಳ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಂಪ್ಲಿಯ ನಮ್ಮ ಓಣಿಯಲ್ಲಿ ಆಗ ಬಣ್ಣದ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ಅಕ್ಕಿ ಗಿರಣಿಯ ಮ್ಯಾನೇಜರ್ ವೀರಭದ್ರಪ್ಪನವರ ಮನೆ ಅದು. ಗಿರಣಿಯ ಕಾಂಪೌಂಡಿನೊಳಗೇ ಇತ್ತು. ನಮ್ಮಪ್ಪ ಅದೇ ಗಿರಣಿಯಲ್ಲಿ ಹಮಾಲಿ. ಅವ್ವ ಅಲ್ಲಿನ ಕಣದಲ್ಲಿ ಕುದಿಸಿದ ಭತ್ತ ಹರವಿ, ಕಾಲಿನಿಂದ ಗೀರಿ ಗೀರಿ ಒಣಗಿಸುವ ಕೆಲಸಕ್ಕೆ ಹೋಗುತ್ತಿದ್ದಳು. ದೀಪಾವಳಿ ಕಳೆದು ಹೊಸ ಭತ್ತ ಬರತೊಡಗಿದರೆ ಇಡೀ ಓಣಿಗೆ ಆ ಹುಳಿವಾಸನೆ ಮೆತ್ತಿಕೊಳ್ಳುತ್ತಿತ್ತು. ತಲೆಗೂದಲಿಗೂ ಅದೇ, ಪುಸ್ತಕಕ್ಕೂ ಅದೇ, ಬಾಯಿಗಿಟ್ಟ ರೊಟ್ಟಿಗೂ ಅದೇ. ನಾನು ಹೇಳಹೊರಟಿರುವುದು ಅಂಥ ಒಂದು ಸುಗ್ಗಿಯ ಮಾತು. ಆಗ ನಾನು ಆರನೇ ತರಗತಿ.

ಭಾನುವಾರ ಸಂಜೆ ಆರೂವರೆಗೆ ಒಂದು ಸೀರಿಯಲ್ ಬರುತ್ತಿತ್ತು. ಅದಕ್ಕೊಂದು ಗಂಭೀರವಾದ ಹೆಸರೇನೋ ಇತ್ತು. ನಮಗೆಲ್ಲ ಅದು ದೆವ್ವದ ಸೀರಿಯಲ್. ವಾರಕ್ಕೊಂದು ಕಥೆ. ಒಂದು ವಾರ ಹಾಳುಬಾವಿಯಿಂದ ಹೆಂಗಸೊಬ್ಬಳು ಎದ್ದು ಬರುವಳು, ಇನ್ನೊಂದು ವಾರ ಡ್ರೈವರನೇ ಇಲ್ಲದ ಲಾರಿ ಘಾಟಿ ಇಳಿಯುವುದು. ಹದಿನೈದಿಪ್ಪತ್ತು ಹುಡುಗರು ಮ್ಯಾನೇಜರರ ಪಡಸಾಲೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂಡುತ್ತಿದ್ದೆವು. ಮ್ಯಾನೇಜರರ ಹೆಂಡತಿ ಕಸ್ತೂರಮ್ಮ ಕುರ್ಚಿಯ ಮೇಲೆ. ಅವರ ಮಗಳು ಸುಜಾತಾ ನನ್ನದೇ ತರಗತಿಯವಳು, ಟಿ.ವಿ.ಯ ಪಕ್ಕದ ಸ್ಟೂಲಿನ ಮೇಲೆ. ಗುಂಡಿ ತಿರುವುವ ಅಧಿಕಾರ ಅವಳೊಬ್ಬಳದು. ಅಡುಗೆಮನೆಯ ಹೊಸ್ತಿಲ ಹತ್ತಿರ ಗೋಡೆಗೊರಗಿ, ಆ ಮನೆಯಲ್ಲಿ ಮುಸುರೆ ತಿಕ್ಕಿ ನೆಲ ಒರೆಸುತ್ತಿದ್ದ ನಿಂಗಮ್ಮ. ಆಕೆಗೆ ಆಗಲೇ ಐವತ್ತರ ಹತ್ತಿರ, ಗಂಡ ಇರಲಿಲ್ಲ. ದೆವ್ವ ಬಂದಾಗ ನಾವೆಲ್ಲ ಕಣ್ಣು ಮುಚ್ಚಿಕೊಂಡರೆ ಆಕೆ ಮಾತ್ರ ಪಾಪ ಎನ್ನುವಂತೆ ಲೊಚಗುಟ್ಟುತ್ತಿದ್ದಳು.

ಸೋಮವಾರ ಶಾಲೆಯಲ್ಲಿ ಊಟದ ಬಿಡುವಿನಲ್ಲಿ, ನೀರಿನ ಟಾಕಿಯ ಹಿಂದೆ ನಮ್ಮ ಪಂಚಾಯಿತಿ. ಯಾವ ಎಪಿಸೋಡು ಮಸ್ತ್, ಯಾವುದು ಸಪ್ಪಿ, ಯಾವುದನ್ನು ಮಂದಿ ಸುಮ್ಮನೆ ಹೊಗಳುತ್ತಾರೆ, ಯಾವುದನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ ಎಂದು ಹುಣಸೆಕಾಯಿ, ಉಪ್ಪು ಖಾರ ನೆಕ್ಕುತ್ತ ಜಗಳವಾಡುತ್ತಿದ್ದೆವು. ಬಸವರಾಜ ಎಂಬ ಹುಡುಗ ಸಮಾಜದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪಟ್ಟಿ ಇಟ್ಟಿದ್ದ. ಅದರಲ್ಲಿ ಒಂದನೇ ನಂಬರು ಯಾವಾಗಲೂ ಬಾವಿಯ ಎಪಿಸೋಡಿಗೆ. ಸುಜಾತಾಳಿಗೆ ಅದೆಂದರೆ ಪ್ರಾಣ, ಟಿ.ವಿ. ಅವಳದು, ಆದ್ದರಿಂದ ನಂಬರೂ ಅವಳದು.

ಒಂದು ಸೋಮವಾರ ನಾನು ಬಾಯಿ ತೆರೆದೆ. ಬಾವಿಯಿಂದ ಎದ್ದು ಬಂದ ಹೆಂಗಸು ಎಡಗೈಗೆ ವಾಚು ಕಟ್ಟಿದ್ದಳು. ಕೂದಲಿಂದ ನೀರು ತೊಟ್ಟಿಕ್ಕುತ್ತಿದ್ದರೂ ಆ ವಾಚು ಥಳಥಳ ಹೊಳೆಯುತ್ತಿತ್ತು, ನಾನು ನೋಡಿದ್ದೆ. ಅದನ್ನೇ ಹೇಳಿದೆ. ನೂರು ವರ್ಷದ ಹಿಂದೆ ಸತ್ತವಳಿಗೆ ವಾಚು ಎಲ್ಲಿಂದ ಬಂತು ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಸವರಾಜ ಬಾವಿಯ ಹೆಸರು ಹೊಡೆದು ಲಾರಿಯನ್ನು ಮೇಲೆ ಬರೆದ. ಸುಜಾತಾ ನಗಲಿಲ್ಲ. ಅವಳ ಕಿವಿ ಕೆಂಪಾಗಿದ್ದವು.

ಇದಾಗಿ ಎರಡು ವಾರಕ್ಕೆ ನಾನು ಅವ್ವನ ಜೊತೆ ಹೊಸಪೇಟೆಗೆ ಹೋದೆ. ಅಲ್ಲಿ ಚಿಕ್ಕಮ್ಮನ ಮಗುವಿಗೆ ತೊಟ್ಟಿಲು. ಆ ಭಾನುವಾರ ಸಂಜೆ ಹೋಳಿಗೆಯ ಕೈ ತೊಳೆದು ಪಕ್ಕದ ಮನೆಯವರ ಟಿ.ವಿ. ಮುಂದೆ ಕೂತೆ. ಅಂದು ಬಂದದ್ದು ಬೀಸುಕಲ್ಲಿನ ಕಥೆ. ಒಂದು ಮನೆಯ ಸೊಸೆ. ಬೀಸುವುದು ಅವಳು, ಉಣ್ಣುವವರು ಬೇರೆ. ಹಸಿದೇ ಸಾಯುತ್ತಾಳೆ. ಅವಳು ಸತ್ತ ಮೇಲೆ ಒಂದು ಬೆಳಗ್ಗೆ ಆ ಮನೆಯ ಹೊಸ್ತಿಲ ಮೇಲೆ ಒಂದು ಬೊಗಸೆ ಹಿಟ್ಟು. ಯಾರೂ ಬೀಸಿಲ್ಲ, ಯಾರೂ ಇಟ್ಟಿಲ್ಲ. ಎರಡನೇ ಸಲ ಹಿಟ್ಟಿನೊಳಗೆ ಹಸಿರು ಬಳೆಯ ಚೂರು. ಮೂರನೆಯದನ್ನು ಕಂಡ ಮೇಲೆ ಆ ಮನೆಯವರ ಬಾಯಿಂದ ಮಾತೇ ಹೊರಡುವುದಿಲ್ಲ. ದೆವ್ವ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಚೀರಾಟವಿಲ್ಲ, ಬಿಚ್ಚಿದ ಕೂದಲಿಲ್ಲ, ಕಲ್ಲು ತಿರುಗುವ ಸದ್ದು ಅಷ್ಟೆ. ನಾನು ಅಂದು ಹೆದರಿದಷ್ಟು ಬಾವಿಗೂ ಹೆದರಿರಲಿಲ್ಲ, ಲಾರಿಗೂ ಹೆದರಿರಲಿಲ್ಲ.

ಕಂಪ್ಲಿಗೆ ಬಂದರೆ, ಆ ಭಾನುವಾರ ಊರಲ್ಲಿ ಕರೆಂಟೇ ಇರಲಿಲ್ಲವಂತೆ. ಯಾರೂ ನೋಡಿಲ್ಲ. ನನ್ನ ಹಿಗ್ಗು ಕೇಳಬೇಡಿ. ಟಾಕಿಯ ಹಿಂದೆ ನಿಂತು ಹೊಸ್ತಿಲು, ಹಿಟ್ಟು, ಬಳೆಚೂರು ಎಲ್ಲ ಒಂದೊಂದಾಗಿ ಹೇಳಿದೆ. ಹುಣಸೆಕಾಯಿ ಕೈಯಲ್ಲೇ ಉಳಿದವು. ಮೂರನೆಯದಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಬಸವರಾಜ ಏಳುತ್ತಲೇ ಅದಕ್ಕೆ ಒಂದನೇ ನಂಬರು ಕೊಡುತ್ತೇನೆ ಎಂದ.

ಮರುದಿನ ಸುಜಾತಾ ಹೊಸ ಸುದ್ದಿಯೊಂದಿಗೆ ಬಂದಳು. ಅವಳ ಅಪ್ಪನನ್ನು ಕೇಳಿದಳಂತೆ. ಆ ಭಾನುವಾರ ಟಿ.ವಿ.ಯಲ್ಲಿ ಕ್ರಿಕೆಟ್ ಇತ್ತಂತೆ, ಸೀರಿಯಲ್ಲೇ ಬರಲಿಲ್ಲವಂತೆ. ಅಂಥ ಎಪಿಸೋಡೇ ಇಲ್ಲ, ಶಾರದಾ ತಲೆಯಿಂದ ಕಟ್ಟಿ ಹೇಳಿದ್ದಾಳೆ ಎಂದು ನನ್ನ ಕಡೆ ಬೆರಳು ಮಾಡಿದಳು. ಮ್ಯಾನೇಜರರ ಮಾತು ಒಂದು ಕಡೆ, ನಾನು ಇನ್ನೊಂದು ಕಡೆ. ಸಂಜೆಯ ಹೊತ್ತಿಗೆ ನನಗೆ ಸುಳ್ಳಶಾರಿ ಎಂಬ ಹೆಸರು ಬಿದ್ದಿತ್ತು. ಕುಂಟಾಬಿಲ್ಲೆಯಲ್ಲಿ ನಾನು ಗೆರೆ ಮೆಟ್ಟಿಲ್ಲ ಎಂದರೂ ಯಾರೂ ನಂಬುತ್ತಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಭಾನುವಾರ ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ ಸುಜಾತಾ ಬಾಗಿಲಿಗೆ ಕೈ ಅಡ್ಡ ಹಿಡಿದಳು. ಒಳಗೆ ಎಲ್ಲರೂ ಕೂತಾಗಿತ್ತು. ಸೀರಿಯಲ್ಲಿನ ಹಾಡು ಶುರುವಾಗಿತ್ತು.

"ಸುಳ್ಳು ಹೇಳೀನಿ ಅಂತ ಎಲ್ಲಾರ ಮುಂದ ಹೇಳು. ಆಮ್ಯಾಲೆ ಒಳಗ ಬಾ."

ನಾನು ಕಸ್ತೂರಮ್ಮನ ಕಡೆ ನೋಡಿದೆ. ದೊಡ್ಡವರು, ಮಗಳಿಗೆ ಗದರಿಸಿಯಾರು ಎಂದುಕೊಂಡೆ. ಅವರು ಕುರ್ಚಿಯಿಂದ ಕದಲದೆ, "ಹಮಾಲರ ಮಕ್ಕಳಿಗೆ ಕಥಿ ಕಟ್ಟಾದು ಯಾರ ಕಲಿಸ್ತಾರ ಏನ. ಹೇಳಿ ಕುಂದ್ರು ಜಲ್ದಿ, ಸೊಳ್ಳಿ ಬರ್ತಾವು" ಎಂದು ನಕ್ಕರು. ಅವರು ನಕ್ಕಿದ್ದರಿಂದ ಎಲ್ಲ ಹುಡುಗರೂ ನಕ್ಕರು.

ನಾನು ಹಿಂದಿರುಗಿ ಹೋದೆ ಎಂದು ಬರೆಯಲು ಈಗಲೂ ಆಸೆಯಾಗುತ್ತದೆ. ಹೋಗಲಿಲ್ಲ. ಹಾಡು ಮುಗಿಯುತ್ತ ಬಂದಿತ್ತು, ನನಗೆ ಆ ಎಪಿಸೋಡು ಬೇಕಾಗಿತ್ತು. ಸುಳ್ಳು ಹೇಳೀನಿ ಎಂದೆ. ಗಟ್ಟಿಯಾಗಿ ಎಂದಳು ಸುಜಾತಾ. ಗಟ್ಟಿಯಾಗಿಯೂ ಹೇಳಿದೆ. ಒಳಗೆ ಹೋದರೆ ಯಾರೂ ಸರಿಯಲಿಲ್ಲ. ನಿಂಗಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಜರುಗಿ, ಸೆರಗಿನಲ್ಲಿದ್ದ ಮಂಡಕ್ಕಿಯನ್ನು ಒಂದು ಹಿಡಿ ನನ್ನ ಕೈಗೆ ಹಾಕಿದಳು. ಆ ದಿನದ ಕಥೆ ಯಾವುದೆಂದು ನನಗೆ ಒಂದಿಷ್ಟೂ ನೆನಪಿಲ್ಲ.

ಎರಡು ದಿನ ಬಿಟ್ಟು ಗಿರಣಿಯ ನಲ್ಲಿಯ ಹತ್ತಿರ ನಿಂಗಮ್ಮ ಪಾತ್ರೆ ತಿಕ್ಕುತ್ತ ಕೂತಿದ್ದಳು. ಕರೆದು ಪಕ್ಕದಲ್ಲಿ ಕೂಡಿಸಿಕೊಂಡಳು.

"ಆ ಬೀಸುಕಲ್ಲಿನ ಕಥಿ ನನಗ ಪೂರಾ ಹೇಳು. ಖರೇ ಕಥಿ ಯಾವುದು ಅಂತ ನನಗ ತಿಳಿತೈತಿ."

ನಾನು ಎಲ್ಲ ಹೇಳಿದೆ. ಮೂರನೆಯದನ್ನು ಆಕೆಯೊಬ್ಬಳಿಗೇ ಹೇಳಿದ್ದು. ಹೊಸ್ತಿಲ ಮೇಲೆ ಹಿಟ್ಟು ಹರವಿದೆ, ಅದರ ಮೇಲೆ ಐದು ಬೆರಳಿನ ಅಚ್ಚು. ಅದನ್ನು ಕಂಡು ಅತ್ತೆ ಮಾತಿಲ್ಲದೆ ಹೋಗಿ ಬೀಸುಕಲ್ಲಿನ ಮುಂದೆ ಕೂತು ತಾನೇ ಬೀಸತೊಡಗುತ್ತಾಳೆ, ನಿಲ್ಲಿಸುವುದೇ ಇಲ್ಲ. ನಿಂಗಮ್ಮ ಬೂದಿ ಹತ್ತಿದ ಕೈಯನ್ನು ಹಾಗೇ ಹಿಡಿದು ಕೇಳಿದಳು. ಕೊನೆಗೆ, ಯಾರಿಗೂ ಬಡಿಯಲಿಲ್ಲ, ಯಾರನ್ನೂ ಕೊಲ್ಲಲಿಲ್ಲ, ಹೆದರಿಕೆಯೊಂದನ್ನೇ ಇಟ್ಟು ಹೋದಳು, ಶಾಣ್ಯಾಕಿ ಎಂದಳು.

ನನಗೆ ದಾರಿ ಸಿಕ್ಕಿದ್ದು ಆ ಮಾತಿನಿಂದ.

ಬೆಳಗ್ಗೆ ಅಪ್ಪನಿಗೆ ರೊಟ್ಟಿ ಒಯ್ಯುವುದು ನನ್ನ ಕೆಲಸ. ಗಿರಣಿಯ ಹಿಂಬಾಗಿಲಿಂದ ಹೋದರೆ ಮ್ಯಾನೇಜರರ ಮನೆಯ ಹಿತ್ತಲು ದಾಟಿಯೇ ಹೋಗಬೇಕು. ಸೋಮವಾರ ಅವ್ವ ನೀರು ತರಲು ಹೋದಾಗ ಗಡಿಗೆಯಿಂದ ಒಂದು ಬೊಗಸೆ ಜೋಳದ ಹಿಟ್ಟು ತೆಗೆದು ಕಾಗದದಲ್ಲಿ ಕಟ್ಟಿದೆ. ಹಿತ್ತಲ ಹೊಸ್ತಿಲ ಮೇಲೆ ಗುಡ್ಡೆ ಮಾಡಿ ಸುರಿದೆ. ಅಪ್ಪ ರೊಟ್ಟಿ ತಿನ್ನುವವರೆಗೂ ಎದುರಿಗೆ ಕೂತಿದ್ದೆ, ಒಳಗೊಳಗೇ ಬೆಲ್ಲ ತಿಂದ ಹಾಗಿತ್ತು.

ಆ ದಿನ ಶಾಲೆಯಲ್ಲಿ ಸುಜಾತಾ ಎರಡು ಸಲ ನನ್ನ ಕಡೆ ನೋಡಿದಳು. ನಾನು ಲೆಕ್ಕ ಬಿಡಿಸುತ್ತಿದ್ದೆ. ಆ ವಾರವೆಲ್ಲ ನಾನು ಅವಳಿಗೆ ಒಳ್ಳೆಯವಳಾಗಿದ್ದೆ. ಅವಳ ಪೆನ್ಸಿಲ್ ಬಿದ್ದರೆ ಎತ್ತಿಕೊಟ್ಟೆ. ಸುಳ್ಳಶಾರಿ ಎಂದರೆ ಓ ಎಂದೆ. ಸೇಡಿಗೆ ಇಷ್ಟು ತಾಳ್ಮೆ ಇರುತ್ತದೆ ಎಂದು ನನಗೆ ಗೊತ್ತಾದದ್ದು ಹನ್ನೊಂದನೇ ವಯಸ್ಸಿನಲ್ಲಿ.

ಮರು ಸೋಮವಾರ ಹಿಟ್ಟಿನೊಳಗೆ ಬಳೆಚೂರು ಬೆರೆಸಿದೆ. ಆಟಕ್ಕೆಂದು ಕೂಡಿಟ್ಟ ಚೂರುಗಳು ನನ್ನ ಹತ್ತಿರ ಡಬ್ಬಿ ತುಂಬ ಇದ್ದವು. ಹಸಿರನ್ನೇ ಆರಿಸಿದೆ. ಅಂದು ಸುಜಾತಾ ಶಾಲೆಗೆ ಬರಲಿಲ್ಲ. ಜ್ವರವೆಂದು ಯಾರೋ ಹೇಳಿದರು. ಮಂಗಳವಾರ ಬಂದಳು. ಜಡೆ ಸರಿಯಾಗಿ ಹಾಕಿರಲಿಲ್ಲ. ಊಟದ ಬಿಡುವಿನಲ್ಲಿ ಟಾಕಿಯ ಹಿಂದೆ ನೇರ ನನ್ನ ಮುಂದೆ ಬಂದು ನಿಂತಳು.

"ಶಾರದಾ, ಆ ಕಥಿಯಾಗ ಮೂರನೇದು ಏನಿತ್ತು?"

"ಅಂಥ ಎಪಿಸೋಡ ಇಲ್ಲ ಅಂದಿದ್ದಿಯಲ್ಲ."

ಅವಳ ತುಟಿ ಒಣಗಿದ್ದವು. ಎಲ್ಲರೂ ನೋಡುತ್ತಿದ್ದರು. ಬಸವರಾಜ ನೋಟ್‌ಬುಕ್ಕು ಹಿಡಿದೇ ನಿಂತಿದ್ದ. ಎಲ್ಲರ ಮುಂದೆ ಹೇಳು ಎಂದೆ ನಾನು. ಶಾರದಾ ಸುಳ್ಳು ಹೇಳಿಲ್ಲ, ನಾನೇ ಸುಳ್ಳಿ ಎಂದು ಹೇಳು. ಅವಳು ಹೇಳಿದಳು. ಗಟ್ಟಿಯಾಗಿ ಎಂದೆ. ಗಟ್ಟಿಯಾಗಿ ಹೇಳುವಾಗ ಅವಳಿಗೆ ಅಳು ಬಂತು. ಅವರಪ್ಪ ಕ್ರಿಕೆಟ್ಟಿನ ಮಾತು ಹೇಳಿಯೇ ಇರಲಿಲ್ಲ, ತಾನೇ ಹುಟ್ಟಿಸಿದ್ದು ಎಂಬುದೂ ಅಳುವಿನ ಜೊತೆಗೆ ಹೊರಬಂತು.

"ಈಗರ ಹೇಳು, ಮೂರನೇದು ಏನು?"

"ಬಂದಾಗ ನೀನ ನೋಡು," ಎಂದು ಹೇಳಿ ನಾನು ಕೈ ತೊಳೆಯಲು ಹೋದೆ. ನನ್ನ ಜೀವನದಲ್ಲಿ ಅಷ್ಟು ಸವಿಯಾದ ಮಾತನ್ನು ಅದಕ್ಕೆ ಮೊದಲು ಆಡಿರಲಿಲ್ಲ. ಆಮೇಲೂ ಆಡಿಲ್ಲ.

ಆ ಹೊತ್ತಿಗೆ ಅವಳ ಮನೆಯಲ್ಲಿ ಏನು ನಡೆದಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಸುಜಾತಾ ಜ್ವರದಲ್ಲಿ ಬಡಬಡಿಸಿ ಅವ್ವನಿಗೆ ಸೀರಿಯಲ್ಲಿನ ಕಥೆ ಹೇಳಿದ್ದಳು. ಕಸ್ತೂರಮ್ಮನಿಗೆ ಸೀರಿಯಲ್ ತಲೆಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ಹಿಟ್ಟು, ಹಸಿರು ಬಳೆಚೂರು. ಅವರಿಗೆ ಅದು ಮಾಟ. ಬೆಳಗ್ಗೆ ಎದ್ದು ಹಿತ್ತಲ ಬಾಗಿಲಿಗೆ ಬರುವವಳು ಯಾರು ಎಂದು ಯೋಚಿಸಿದರೆ ಸಿಗುವುದು ಒಂದೇ ಹೆಸರು. ಹಿತ್ತಲು ದಾಟಿ ಹೋಗುವ ಒಬ್ಬ ಹುಡುಗಿ ಅವರ ಲೆಕ್ಕದಲ್ಲೇ ಇರಲಿಲ್ಲ.

ಆ ಮಂಗಳವಾರ ಸಂಜೆ ಕಣದಲ್ಲಿ ಭತ್ತ ಒಟ್ಟುವ ಹೊತ್ತು. ನಾನು ಅವ್ವನ ಹತ್ತಿರ ಹೋಗಿದ್ದೆ. ಮ್ಯಾನೇಜರರ ಮನೆಯ ಕಡೆಯಿಂದ ಕೂಗು ಕೇಳಿ ಎಲ್ಲರೂ ತಿರುಗಿದರು. ಕಸ್ತೂರಮ್ಮ ನಿಂಗಮ್ಮನ ತೋಳು ಹಿಡಿದು ಎಳೆದುಕೊಂಡು ಕಣದ ನಡುವೆ ತಂದು ನಿಲ್ಲಿಸಿದರು. ಹಿಂದೆ ವೀರಭದ್ರಪ್ಪನವರು, ಅವರ ಹಿಂದೆ ಸುಜಾತಾ. ಹಮಾಲರು ಚೀಲ ಇಳಿಸಿ ನಿಂತರು. ನಮ್ಮಪ್ಪನೂ ಅವರಲ್ಲಿ ಒಬ್ಬ, ಕೊಕ್ಕೆ ಇನ್ನೂ ಕೈಯಲ್ಲಿತ್ತು.

"ಹದಿನೆಂಟು ವರ್ಷ ನಮ್ಮನಿ ಅನ್ನ ತಿಂದು ನಮ್ಮ ಹೊಸ್ತಿಲಿಗೇ ಮಾಟ ಇಟ್ಟೀಯಲ್ಲ," ಎಂದರು ಕಸ್ತೂರಮ್ಮ. "ಆ ಬಳಿ ಚೂರು ನಿನ್ನವೇ. ಗಂಡ ಸತ್ತಾಗ ಒಡದದ್ದನ್ನ ಇದಕ್ಕಂತ ಕಾದಿಟ್ಟಿದ್ದಿ."

ನಿಂಗಮ್ಮನ ಮುಖದಲ್ಲಿ ಮೊದಲು ಬರೀ ಬೆರಗಿತ್ತು. ಯಾವ ಹಿಟ್ಟು, ಯಾವ ಬಳೆ ಎಂದು ಕೇಳಿದಳು. ಕಸ್ತೂರಮ್ಮ ಹೇಳಿದರು. ಹೇಳುತ್ತಿದ್ದಂತೆ ನಿಂಗಮ್ಮ ತಲೆಯೆತ್ತಿ ಸುತ್ತಲಿನ ಮಂದಿಯ ಮೇಲೆ ಕಣ್ಣಾಡಿಸಿದಳು. ಅವ್ವನ ಸೆರಗಿನ ಹಿಂದೆ ನಿಂತ ನನ್ನ ಮೇಲೆ ಆ ಕಣ್ಣು ನಿಂತವು. ನನಗೆ ಗೊತ್ತಾಯಿತು, ಆಕೆಗೆ ಗೊತ್ತಾಯಿತು ಎಂದು. ಈಗ ಬೆರಳು ಎತ್ತುತ್ತಾಳೆ ಎಂದುಕೊಂಡೆ. ನಾನೇ ಮುಂದೆ ಹೋಗಿ ಹೇಳಬಹುದಿತ್ತು. ಹತ್ತು ಹೆಜ್ಜೆ ಇತ್ತು. ಅಪ್ಪನ ಕೈಯ ಕೊಕ್ಕೆ ನೋಡಿದೆ, ಮ್ಯಾನೇಜರರ ಮುಖ ನೋಡಿದೆ, ನಿಂತಲ್ಲೇ ನಿಂತೆ.

ನಿಂಗಮ್ಮ ತೋಳು ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡಳು.

"ಹೌದ್ರಿ ಅಮ್ಮಾರ, ನಾನ ಇಟ್ಟೀನಿ," ಎಂದಳು. ದನಿ ಏರಿಸಲಿಲ್ಲ. "ನನ್ನ ಮಗಳು ಹುಲಿಗೆಮ್ಮ ಚೊಚ್ಚಲ ಬ್ಯಾನಿ ತಿಂತಿದ್ದಾಗ ಆಕಿ ಗಂಡನೂರು ವಡ್ಡಿನಿಂದ ಎರಡು ಸಲ ಮನುಷ್ಯಾ ಬಂದಿದ್ದ. ನಿಮ್ಮನ್ಯಾಗ ಬೀಗರು ಬಂದಾರ ಅಂತ ನೀವು ಕಳಸಲಿಲ್ಲ. ನಾಕು ದಿನದ ಮ್ಯಾಲೆ ಹೋದ್ನಿ. ಕೂಸಿನ ಮಣ್ಣು ಮಾಡಿ ಬಂದಿದ್ರು. ಮಾರಿ ಸೈತ ನೋಡಲಿಲ್ಲ."

ಕಸ್ತೂರಮ್ಮ ಒಂದು ಹೆಜ್ಜೆ ಹಿಂದೆ ಸರಿದರು.

"ಎರಡು ನಿಮಗ ಸಿಕ್ಕಾವು," ಎಂದಳು ನಿಂಗಮ್ಮ. "ಮೂರನೇದು ಮನಿಯೊಳಗ ಐತಿ. ಹುಡುಕ್ಕೊಳ್ರಿ."

ಸುಜಾತಾ ಅಪ್ಪನ ಅಂಗಿ ಗಟ್ಟಿಯಾಗಿ ಹಿಡಿದುಕೊಂಡಳು. ನಿಂಗಮ್ಮ ಯಾರ ಕಡೆಗೂ ನೋಡದೆ, ಒಣಗಿದ ಭತ್ತ ತುಳಿಯದಂತೆ ಅಂಚಿನಲ್ಲೇ ನಡೆದು ಗೇಟು ದಾಟಿ ಹೋದಳು. ಆಕೆಯನ್ನು ಹಿಡಿದು ನಿಲ್ಲಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಮರುದಿನದಿಂದ ಆ ಮನೆಯಲ್ಲಿ ಹುಡುಕಾಟ ಶುರುವಾಯಿತು. ಅಟ್ಟದ ಸಾಮಾನು ಇಳಿಸಿದರು. ಹಾಸಿಗೆ ಬಿಚ್ಚಿ ಹತ್ತಿ ಕೆದರಿದರು. ಅಡುಗೆಮನೆಯ ಕಡಪ ಕಲ್ಲುಗಳನ್ನು ಎಬ್ಬಿಸಿ ಕೆಳಗೆ ಅಗೆದರು. ಗಂಗಾವತಿ ಕಡೆಯಿಂದ ಯಾರೋ ಬಂದು ನಿಂಬೆಹಣ್ಣು ಕೊಯ್ದು ಹೋದರು. ಏನೂ ಸಿಗಲಿಲ್ಲ, ಸಿಗಲಿಲ್ಲವೆಂದೇ ಹೆದರಿಕೆ ಹೆಚ್ಚಿತು. ಮನೆಗೆ ಈ ದರಿದ್ರ ಬಂದದ್ದೇ ಆ ಸೀರಿಯಲ್ಲಿನಿಂದ ಎಂದು ಕಸ್ತೂರಮ್ಮ ಟಿ.ವಿ.ಯನ್ನು ತೌರುಮನೆಗೆ ಕಳಿಸಿದರು. ನಮ್ಮ ಭಾನುವಾರಗಳು ಅಲ್ಲಿಗೆ ಮುಗಿದವು. ಟಾಕಿಯ ಹಿಂದೆ ಚರ್ಚೆ ಮಾಡಲು ಹೊಸದೇನೂ ಉಳಿಯಲಿಲ್ಲ. ಸಂಕ್ರಾಂತಿ ಕಳೆಯುತ್ತಲೇ ಮ್ಯಾನೇಜರರು ಬೇರೆ ಕೆಲಸ ನೋಡಿಕೊಂಡು ಹೊಸಪೇಟೆಗೆ ಮನೆ ಬದಲಿಸಿದರು. ಲಾರಿಗೆ ಸಾಮಾನು ಹೇರುವಾಗ ಸುಜಾತಾ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೊಸ್ತಿಲನ್ನೇ ನೋಡುತ್ತಿದ್ದಳು. ನನಗೆ ಸಂತೋಷವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ನಿಂಗಮ್ಮ ಅವರಿಗಿಂತ ಮೊದಲೇ ಊರು ಬಿಟ್ಟಿದ್ದಳು. ಕಣದಲ್ಲಿ ಹೇಳಿದ ಮಾತು ಎರಡೇ ದಿನದಲ್ಲಿ ಇಡೀ ಕಂಪ್ಲಿ ತಿರುಗಿತ್ತು. ಯಾರೂ ಮುಸುರೆಗೆ ಕರೆಯಲಿಲ್ಲ. ಆಕೆ ಬೀದಿಗೆ ಬಂದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಗಂಟು ಇಟ್ಟುಕೊಂಡು ಕೂತಿದ್ದಾಳೆ ಎಂದು ತಿಳಿದು ಶಾಲೆಯಿಂದ ಓಡಿದೆ. ಆಕೆಯ ಬೆಂಚಿನಲ್ಲಿ ಬೇರೆ ಯಾರೂ ಕೂತಿರಲಿಲ್ಲ. ನಾನು ಕೂತೆ. ಅಳುತ್ತ, ನಾನು ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದೆ.

"ಬ್ಯಾಡ," ಎಂದಳು ನಿಂಗಮ್ಮ. "ನಿಮ್ಮಪ್ಪನ ಕೆಲಸ ಹೋಗ್ತೈತಿ. ಅದಲ್ದ, ನೀ ಹೇಳಿದಿ ಅಂದ್ರ ಅವರು ಚೆಂದಾಗಿ ನಿದ್ದಿ ಮಾಡ್ತಾರ. ಹದಿನೆಂಟು ವರ್ಷಕ್ಕ ನನಗ ಸಿಕ್ಕಿದ್ದು ಇದೊಂದ. ಇದನ್ನ ಕಸ್ಕೊಬ್ಯಾಡ."

ಸಂಡೂರಿನ ಬಸ್ಸು ಬಂದಿತು. ಹತ್ತುವ ಮುಂಚೆ ಆಕೆ ನನ್ನ ಕೆನ್ನೆ ಒರೆಸಿ ಆಣೆ ಮಾಡಿಸಿಕೊಂಡಳು.

ನಾನು ಆ ಆಣೆಯನ್ನು ಉಳಿಸಿಕೊಂಡೆ. ಅಪ್ಪನಿಗೆ ಹೇಳಲಿಲ್ಲ, ಅವ್ವನಿಗೆ ಹೇಳಲಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳಲಿಲ್ಲ. ಹೋದ ವರ್ಷ ಬಸವರಾಜ ನನ್ನನ್ನು ಫೋನಿನಲ್ಲಿ ಒಂದು ಗುಂಪಿಗೆ ಸೇರಿಸಿದ. ಆ ದೆವ್ವದ ಸೀರಿಯಲ್ಲಿನ ಅಭಿಮಾನಿಗಳದು. ತಲೆ ನರೆತವರು ಅಲ್ಲಿ ಇನ್ನೂ ಅದೇ ಜಗಳ ಆಡುತ್ತಾರೆ: ಯಾವ ಎಪಿಸೋಡಿಗೆ ಯೋಗ್ಯತೆ ಮೀರಿ ಹೆಸರು ಬಂತು, ಯಾವುದಕ್ಕೆ ಬರಬೇಕಾದ ಹೆಸರು ಬರಲಿಲ್ಲ. ಒಂದು ದಿನ ಧಾರವಾಡದ ಯಾರೋ ಬೀಸುಕಲ್ಲಿನ ಕಥೆ ಎತ್ತಿದರು. ಯಾರೂ ಮಾತಾಡದ ಎಪಿಸೋಡು, ಆದರೆ ಎಲ್ಲಕ್ಕಿಂತ ದೊಡ್ಡದು ಎಂದು ಬರೆದರು. ಹತ್ತಾರು ಜನ ಹೌದು ಹೌದು ಎಂದರು. ಅದರ ಕೆಳಗೆ ಹೊಸಪೇಟೆಯ ಸುಜಾತಾ ಎಂಬವರ ಸಾಲು ಬಂತು. ಚಿತ್ರದಲ್ಲಿ ಮುಖ ತುಂಬಿಕೊಂಡಿತ್ತು, ಕಣ್ಣು ಮಾತ್ರ ಅವೇ. ನಾನು ಇದನ್ನು ನೋಡಿಲ್ಲ, ಮೂರನೆಯ ಸಲ ಏನಾಗುತ್ತದೆ, ದಯವಿಟ್ಟು ಯಾರಾದರೂ ಹೇಳಿ.

ನಾನು ಓದಿ ಫೋನು ಕೆಳಗಿಟ್ಟೆ. ಹೇಳಲಿಲ್ಲ. ಇಷ್ಟು ವರ್ಷವಾದರೂ ಇನ್ನೂ ಕೇಳುತ್ತಿದ್ದಾಳೆ ಎಂದು ಒಳಗೆ ಎಲ್ಲೋ ತಂಪಾಯಿತು. ಸಂಜೆ ನೋಡಿದರೆ ಯಾರೋ ಒಂದೇ ಸಾಲಿನಲ್ಲಿ ಉತ್ತರಿಸಿದ್ದರು, ಹಿಟ್ಟಿನ ಮೇಲೆ ಕೈಯಚ್ಚು, ಅಷ್ಟೇ. ಸುಜಾತಾ ಅದಕ್ಕೆ ಕೈ ಮುಗಿದಿದ್ದಳು. ಉತ್ತರಿಸಿದವರ ಮೇಲೆ ನನಗೆ ಬಂದ ಸಿಟ್ಟು ಎರಡು ದಿನ ಇಳಿಯಲಿಲ್ಲ. ನಿಂಗಮ್ಮನಿಗೆ ಸಿಕ್ಕಿದ್ದ ಆ ಒಂದನ್ನೂ ಕೊಟ್ಟುಬಿಟ್ಟರಲ್ಲ ಎನ್ನಿಸಿತು.

ನಾನು ಈಗ ಸಂಡೂರು ತಾಲೂಕಿನಲ್ಲಿ ಆರೋಗ್ಯ ಇಲಾಖೆಯ ಕೆಲಸದಲ್ಲಿದ್ದೇನೆ. ಹಳ್ಳಿಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವುದು, ತೂಕ ನೋಡುವುದು. ಇದಾದ ಎರಡು ತಿಂಗಳಿಗೆ ವಡ್ಡು ಹಳ್ಳಿಯ ಸರದಿ ನನಗೆ ಬಂತು. ಅಂಗನವಾಡಿಯ ಮುಂದೆ ಸಾಲಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದಳು. ಮಗ ಕಾರ್ಖಾನೆಯ ಪಾಳಿಗೆ ಹೋಗಿದ್ದಾನೆ, ಸೊಸೆಗೆ ಮೈಗೆ ಹುಷಾರಿಲ್ಲ ಎಂದಳು. ನಾನು ಕಂಪ್ಲಿಯವಳು ಎಂದು ಯಾರೋ ಹೇಳಿದ್ದನ್ನು ಕೇಳಿ ನಿಂತುಬಿಟ್ಟಳು. ಚೀಟಿಯಲ್ಲಿ ಅಜ್ಜಿಯ ಹೆಸರು ಬರೆಯಲು ಕೇಳಿದೆ. ಹುಲಿಗೆಮ್ಮ ಎಂದಳು.

ಲಸಿಕೆಯೆಲ್ಲ ಮುಗಿದ ಮೇಲೆ ಆಕೆ ಮನೆಗೆ ಕರೆದೊಯ್ದು ಚಹಾ ಕೊಟ್ಟಳು. ನಿಂಗಮ್ಮ ಹೋಗಿ ಆರು ವರ್ಷವಾಗಿತ್ತು. ಕಂಪ್ಲಿಯಿಂದ ವಡ್ಡಿಗೆ ಮದುವೆಯಾಗಿ ಬಂದವರು ಇದ್ದೇ ಇದ್ದರು, ಸುದ್ದಿ ಆಕೆಯ ಹಿಂದೆಯೇ ಬಂದಿತ್ತಂತೆ. ಇಲ್ಲ ಎಂದು ಆಕೆ ಯಾರ ಮುಂದೆಯೂ ಹೇಳಲಿಲ್ಲವಂತೆ, ಮಗಳ ಮುಂದೆ ಕೂಡ. ಹುಲಿಗೆಮ್ಮ ಲೋಟ ಕೆಳಗಿಟ್ಟು ಬಾಗಿಲ ಕಡೆ ಒಮ್ಮೆ ನೋಡಿ ಕೇಳಿದಳು.

"ನೀವು ಅದ ಓಣ್ಯಾಕಿ ಅಂತೀರಿ. ನಮ್ಮವ್ವ ಖರೇನ ಮಾಟ ಮಾಡಿದ್ಲೇನ್ರಿ ಅಕ್ಕಾರ?"

ಆಣೆ ನೆನಪಿತ್ತು. ಆದರೂ ಹೇಳಿದೆ. ಹಿಟ್ಟು ನಮ್ಮ ಗಡಿಗೆಯದು, ಬಳೆಚೂರು ನನ್ನವು, ಆಟದ ಡಬ್ಬಿಯವು. ನಿಮ್ಮವ್ವ ನನ್ನನ್ನು ಉಳಿಸಲು ತನ್ನ ಮೇಲೆ ಹಾಕಿಕೊಂಡಳು. ಒಂದು ಸೀರಿಯಲ್ಲಿನ ಕಥೆಗಾಗಿ ಆದದ್ದು ಇಷ್ಟೆಲ್ಲ. ಹುಲಿಗೆಮ್ಮ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಎರಡನೇದು ಗಂಡು ಹುಟ್ಟಿತ್ರಿ," ಎಂದಳು. "ಅವ್ವ ಇದ ಮನ್ಯಾಗ ಇದ್ಲು. ಚೊಚ್ಚಲದ್ದು ಹೋಗಿತ್ತಲ್ರಿ, ನನಗ ಹೆದರಿಕಿ. ಆಕಿ ಕೈಯಾಗ ಕೂಸಿನ ಕೊಡಲಿಲ್ಲ. ಆಕೀನೂ ಕೇಳಲಿಲ್ಲ. ದೂರ ಕುಂತು ಬಟ್ಟಿ ತೊಳದು ಹಾಕ್ತಿದ್ಲು."

ಮೊಮ್ಮಗಳು ಸೂಜಿಯ ನೋವಿಗೆ ಇನ್ನೂ ಬಿಕ್ಕುತ್ತಿತ್ತು. ಹುಲಿಗೆಮ್ಮ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ ನಿಂತಳು, ನನ್ನ ಕಡೆ ತಿರುಗಲಿಲ್ಲ. ನಾನು ಚೀಲ ತೆಗೆದುಕೊಂಡು ಎದ್ದೆ. ಸುಜಾತಾಳಿಂದ ನಾನು ಕಿತ್ತುಕೊಂಡದ್ದೆಂದು ಇಷ್ಟು ವರ್ಷ ಎಣಿಸುತ್ತ ಬಂದದ್ದೆಲ್ಲ ಅವಳದಾಗಿರಲಿಲ್ಲ, ನಿಂಗಮ್ಮನದಾಗಿತ್ತು. ಹೊರಗೆ ಓಣಿಯ ತಿರುವಿನಲ್ಲಿ ಹುಲಿಗೆಮ್ಮನ ಮಗ ಎದುರಾದ. ಪಾಳಿ ಮುಗಿಸಿ ಬರುತ್ತಿದ್ದ, ಹೆಲ್ಮೆಟ್ಟು ಕಂಕುಳಲ್ಲಿತ್ತು, ಎತ್ತರದ ಆಳು. ಚಹಾ ಕುಡಿದಿರೇನ್ರಿ ಮೇಡಂ ಎಂದು ನಗುತ್ತ ಕೇಳಿದ. ಅಜ್ಜಿ ಒಮ್ಮೆಯೂ ತನ್ನನ್ನು ಎತ್ತಿಕೊಂಡಿಲ್ಲ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ. ಕುಡಿದೆ ಎಂದು ಹೇಳಿ ಬಸ್ಸಿಗೆ ನಡೆದೆ.